ಆರ್‌ಕ್ಲೋನ್: ಒಂದೇ ಡೇಟಾವನ್ನು ಎರಡು ಮೂರು ಕಡೆ ಇಡುವವರಿಗೆ

ಆರ್‌ಕ್ಲೋನ್ ಫೈಲುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಾಪಿ ಮಾಡುವ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಒಂದೇ ಫೈಲಾಗಿ ಸಿಗುತ್ತದೆ. ಮನೆಯ ಹಾರ್ಡ್‌ಡಿಸ್ಕ್, ಗೂಗಲ್ ಡ್ರೈವ್, ಬ್ಯಾಕ್‌ಬ್ಲೇಜ್, ಅಮೆಜಾನ್ ಎಸ್3 ಮುಂತಾದ ಕ್ಲೌಡ್ ಸಂಗ್ರಹಗಳು ಎಲ್ಲದಕ್ಕೂ ಅದೇ ಕಮಾಂಡ್‌ಗಳು. ಇದರ ದೊಡ್ಡ ಗುಣವೇ ಅದು: ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಊರಿನ, ಬೇರೆ ಕಂಪನಿಯ ಜಾಗದಲ್ಲಿ ಇಡುವುದು ಸಲೀಸು. ರೇಡ್ (ಒಂದೇ ಡೇಟಾವನ್ನು ಎರಡು ಡಿಸ್ಕಿನಲ್ಲಿ ಒಟ್ಟಿಗೇ ಬರೆಯುವ ವ್ಯವಸ್ಥೆ) ಇದೆಯಲ್ಲ ಎನ್ನುವವರು ನೆನಪಿಡಬೇಕು, ಡಿಸ್ಕ್ ಕೆಟ್ಟರೆ ರೇಡ್ ಕಾಯುತ್ತದೆ, ಕೈತಪ್ಪಿ ಅಳಿಸಿದರೆ ಎರಡೂ ಡಿಸ್ಕಿನಲ್ಲಿ ಒಟ್ಟಿಗೇ ಅಳಿಸುತ್ತದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟಾಗ, ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದವರಿಗೆ ಏನೂ ಉಳಿಯಲಿಲ್ಲ.

ಶುರುವಿಗೆ 'ಕಾಪಿ' ಸಾಕು, 'ಸಿಂಕ್' ಮುಟ್ಟಬೇಡಿ. ಮೂಲದಲ್ಲಿ ಇಲ್ಲದ್ದನ್ನು ಸಿಂಕ್ ಆಚೆ ಕಡೆಯೂ ಅಳಿಸುತ್ತದೆ. ಲಿನಕ್ಸ್‌ನಲ್ಲಿ ಡಿಸ್ಕ್ ಮೌಂಟ್ ಆಗದೆ (ಫೋಲ್ಡರಿಗೆ ಜೋಡಣೆಯಾಗದೆ) ಖಾಲಿ ಫೋಲ್ಡರ್ ಮಾತ್ರ ಇದ್ದರೆ, ಮೂಲವೇ ಖಾಲಿ ಅಂದುಕೊಂಡು ಕ್ಲೌಡಿನ ಪ್ರತಿಯನ್ನೂ ಗುಡಿಸಿ ಹಾಕುತ್ತದೆ. ಸಿಂಕ್ ಬೇಕೇ ಬೇಕೆಂದರೆ ಮೊದಲು 'ಡ್ರೈ-ರನ್' ಹಾಕಿ ಏನು ಅಳಿಯುತ್ತದೆ ನೋಡಿ. ಆಮೇಲೆ 50ಕ್ಕಿಂತ ಹೆಚ್ಚು ಫೈಲು ಅಳಿಸದಂತೆ ತಡೆಯುವ 'ಮ್ಯಾಕ್ಸ್-ಡಿಲೀಟ್ 50' ಮತ್ತು 'ಬ್ಯಾಕಪ್-ಡಿರ್' ಸೇರಿಸಿ. ಅಳಿದ ಫೈಲುಗಳು ಬೇರೆ ಫೋಲ್ಡರಿಗೆ ಹೋಗಿ ಉಳಿಯುತ್ತವೆ.

ಕಳಿಸಿದ ಮೇಲೆ ತಿಂಗಳಿಗೊಮ್ಮೆ 'ಚೆಕ್' ಓಡಿಸಿ. ಕಾಪಿ ಮಾಡುವಾಗ ಯಾವ ಫೈಲು ಕಳಿಸಬೇಕೆಂದು ತೀರ್ಮಾನಿಸಲು ತಂತ್ರಾಂಶ ನೋಡುವುದು ಫೈಲಿನ ಗಾತ್ರ ಮತ್ತು ಬದಲಾದ ಸಮಯ ಮಾತ್ರ. ಡಿಸ್ಕಿನಲ್ಲಿ ಸದ್ದಿಲ್ಲದೆ ಕೆಟ್ಟ ಫೋಟೋ ಗೊತ್ತಾಗುವುದು ಎರಡೂ ಕಡೆಯ ಹ್ಯಾಶ್ (ಫೈಲಿನ ಒಳಗಿನ ಡೇಟಾದಿಂದ ಲೆಕ್ಕಹಾಕಿದ ಗುರುತು) ತಾಳೆ ನೋಡಿದಾಗಲೇ. ಫೈಲುಗಳನ್ನು ಗುಪ್ತಲಿಪಿಗೆ ತಿರುಗಿಸುವ 'ಕ್ರಿಪ್ಟ್' ಸೌಲಭ್ಯ ಬಳಸಿ ಬೀಗ ಹಾಕಿದ್ದರೆ 'ಕ್ರಿಪ್ಟ್‌ಚೆಕ್' ಬಳಸಬೇಕು.

ಈ ಕ್ರಿಪ್ಟ್‌ನಲ್ಲಿ ಕನ್ನಡಿಗರಿಗೆಂದೇ ಒಂದು ತೊಡಕಿದೆ. ಫೈಲಿನ ಹೆಸರನ್ನೂ ಅದು ಮುಚ್ಚಿಡುವುದರಿಂದ ಹೆಸರು ಉದ್ದವಾಗುತ್ತದೆ. ಹೆಸರಿಗೆ 255 ಬೈಟಿನ ಮಿತಿ ಇರುವ ಕಡೆ ಮೂಲ ಹೆಸರು ಸುಮಾರು 143 ಬೈಟ್ ದಾಟಬಾರದು. ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ 3 ಬೈಟ್. 'ಮದುವೆ' ಎಂಬ ಮೂರಕ್ಷರಕ್ಕೇ 15 ಬೈಟ್ ಖರ್ಚು! ಉದ್ದದ ಹೆಸರಿನ ಫೈಲು ಎರರ್ ಕೊಟ್ಟು ಹಿಂದೆ ಉಳಿಯುತ್ತದೆ, ಲಾಗ್ (ಕೆಲಸದ ದಾಖಲೆ) ನೋಡದಿದ್ದರೆ ಗೊತ್ತೇ ಆಗುವುದಿಲ್ಲ. ಪಾಸ್‌ವರ್ಡನ್ನು ಕಾಗದದಲ್ಲೂ ಬರೆದಿಡಿ. ಅದು ಕಳೆದರೆ ಡೇಟಾ ಹೋದಂತೆಯೇ.

ವೇಗ ಆರ್‌ಕ್ಲೋನ್‌ನದಲ್ಲ, ನಿಮ್ಮ ಲೈನಿನದು. 20 ಎಂಬಿಪಿಎಸ್ ಅಪ್‌ಲೋಡಿನಲ್ಲಿ 1 ಟಿಬಿ ಹೋಗಲು ನಾಲ್ಕೂವರೆ ದಿನಕ್ಕೂ ಹೆಚ್ಚು ಬೇಕು. ಗೂಗಲ್ ಡ್ರೈವ್ ದಿನಕ್ಕೆ 750 ಜಿಬಿಗಿಂತ ಹೆಚ್ಚು ಅಪ್‌ಲೋಡ್ ಬಿಡುವುದಿಲ್ಲ.

ಕೊರತೆ ಎಂದರೆ, ಕೆಲಸ ನಿಂತರೆ ತಾನಾಗಿ ಎಸ್ಸೆಮ್ಮೆಸ್ಸಾಗಲಿ ಇಮೇಲಾಗಲಿ ಕಳಿಸುವುದಿಲ್ಲ. ಗೂಗಲ್‌ನಲ್ಲಿ ಸ್ವಂತ ಕ್ಲೈಂಟ್ ಐಡಿ (ತಂತ್ರಾಂಶವನ್ನು ಗೂಗಲ್‌ಗೆ ಪರಿಚಯಿಸುವ ಗುರುತು) ಮಾಡಿ ಅದನ್ನು 'ಟೆಸ್ಟಿಂಗ್' ಸ್ಥಿತಿಯಲ್ಲೇ ಬಿಟ್ಟರೆ 7 ದಿನಕ್ಕೆ ಟೋಕನ್ (ಖಾತೆಗೆ ಪ್ರವೇಶ ಕೊಡುವ ಅನುಮತಿ) ಸತ್ತುಹೋಗುತ್ತದೆ, ಎಂಟನೇ ದಿನದಿಂದ ಏನೂ ಹೋಗುವುದಿಲ್ಲ. ಐಡಿ ಮಾಡಿದ ದಿನವೇ 'ಪ್ರೊಡಕ್ಷನ್'ಗೆ ಬದಲಿಸಿ, ವಾರ ಕಳೆದ ಮೇಲೆ ಲಾಗ್ ತೆರೆದು ಹೊಸ ಫೈಲು ಹೋಗಿದೆಯೇ ನೋಡಿ.