ಆಯಿಲ್ ಸೆಟ್, ಇನ್ವರ್ಟರ್, ಸಿಒಟು: ಮೂರು ಹಳೆ ವೆಲ್ಡಿಂಗ್ ಮಷಿನ್ ದುಡಿಸಿ ನೋಡಿದ್ದು

ಮುಧೋಳದಲ್ಲಿ ನಮ್ಮದೊಂದು ಸಣ್ಣ ವೆಲ್ಡಿಂಗ್ ಅಂಗಡಿ. ಕಬ್ಬಿನ ಸೀಸನ್ ಬಂದರೆ ಟ್ರ್ಯಾಕ್ಟರ್ ಡಬ್ಬಿಗಳ (ಟ್ರೇಲರ್) ಕೆಲಸ, ಉಳಿದ ದಿನ ಗೇಟು, ಗ್ರಿಲ್ಲು, ಪತ್ರಾಸ್ ಶೆಡ್ಡು. ಮೂರು ವರ್ಷದಲ್ಲಿ ಮೂರು ಬೇರೆ ಬೇರೆ ಜಾತಿಯ ಸೆಕೆಂಡ್ ಹ್ಯಾಂಡ್ ಮಷಿನ್ ಕೊಂಡೆ. ಮೂರರಲ್ಲೂ ಡಬ್ಬಿಯ ಹಿಚ್ಚಿಗೆ (ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಂಡಿಗೆ) 8 ಎಂಎಂ ಪ್ಲೇಟು ಕೂರಿಸಿದ್ದೇನೆ, 18 ಗೇಜಿನ ತೆಳು ಶೀಟಿನ ಬಾಗಿಲೂ ಮಾಡಿದ್ದೇನೆ. ಹಾಗಾಗಿ ಹೋಲಿಸಿ ಹೇಳಬಲ್ಲೆ.

ಮೊದಲು ತಂದದ್ದು ಆಯಿಲ್ ಸೆಟ್, ಅಂದರೆ ಆಯಿಲಿನಲ್ಲಿ ಮುಳುಗಿಸಿದ ಟ್ರಾನ್ಸ್‌ಫಾರ್ಮರಿನ ಎಸಿ ಮಷಿನ್. 300 ಆಂಪಿಯರ್, ಎರಡು ಫೇಸಿನದು. ಬೆಳಗಾವಿಯ ಉದ್ಯಮಬಾಗದ ಕಡೆ ಒಬ್ಬರು ವರ್ಕ್‌ಶಾಪ್ ಮುಚ್ಚುತ್ತಿದ್ದರು, 18 ಸಾವಿರಕ್ಕೆ ಕೊಟ್ಟರು. ಹಳೆ ಮಷಿನ್ ಮಾರುವವರೆಲ್ಲ "ಫುಲ್ ಕಾಪರ್" ಎನ್ನುತ್ತಾರೆ. ಆ ಮಾತು ನಂಬಬೇಡಿ, ಲಗ್ (ಕೇಬಲ್ ಜೋಡಿಸುವ ತುದಿ) ಬಿಚ್ಚಿ ಒಳಗಿಂದ ಬಂದ ಪಟ್ಟಿಯನ್ನು ಬ್ಲೇಡಿನಿಂದ ಸ್ವಲ್ಪ ಕೆರೆದು ನೋಡಿ. ಕೆಂಪಗಿದ್ದರೆ ತಾಮ್ರ, ಬೆಳ್ಳಗಿದ್ದರೆ ಅಲ್ಯೂಮಿನಿಯಂ. ಮೇಲಿನ ಲಗ್ ಅಷ್ಟೇ ಕೆರೆದರೆ ಸಾಲದು, ಲಗ್ ತಾಮ್ರದ್ದಿದ್ದು ಒಳಗೆ ಅಲ್ಯೂಮಿನಿಯಂ ಸುತ್ತಿರುವ ಸೆಟ್ಟನ್ನೂ ನಾನು ನೋಡಿದ್ದೇನೆ. ಆಮೇಲೆ ಮುಚ್ಚಳ ತೆಗೆದು ಆಯಿಲ್ ಮೂಸಿ ನೋಡಬೇಕು. ಸುಟ್ಟ ವಾಸನೆ ಬಂದರೆ ವೈಂಡಿಂಗ್ (ಒಳಗಿನ ತಂತಿ ಸುತ್ತು) ಕಾದಿದೆ ಅಂತ ಅರ್ಥ. ಒಂದು ಸೌಟಿನಷ್ಟು ಆಯಿಲ್ ಕಾಯಿಸಿದಾಗ ಚಟಚಟ ಸಿಡಿದರೆ ನೀರು ಸೇರಿದೆ. ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಇರುವ ವೈರ್‌ಮನ್ ಸಿಕ್ಕರೆ ಅವರನ್ನೂ ಕರೆದುಕೊಂಡು ಹೋಗಿ. ಕರೆಂಟು ಒಳಬರುವ ವೈಂಡಿಂಗಿಗೂ ರಾಡ್ ಹಿಡಿಯುವ ಹೋಲ್ಡರ್ ಕಡೆಯ ವೈಂಡಿಂಗಿಗೂ ನಡುವೆ 5 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಆ ಮಷಿನ್ ಬೇಡ, ಅದು ಹೋಲ್ಡರ್ ಹಿಡಿದವನ ಜೀವದ ಪ್ರಶ್ನೆ.

ನನ್ನ ಸೆಟ್ಟಿನಲ್ಲಿ ಎರಡು ತೊಂದರೆ ಇತ್ತು. ಒಂದು, ಜೇನುಗೂಡಿಗೆ ಕೈ ಹಾಕಿದ ಹಾಗೆ ಗುಂಯ್ ಎನ್ನುತ್ತಿತ್ತು. ಕೋರಿನ (ವೈಂಡಿಂಗ್ ಒಳಗಿನ ಕಬ್ಬಿಣದ ಪಟ್ಟಿಗಳ) ಬೋಲ್ಟುಗಳು ಸಡಿಲವಾಗಿದ್ದವು, ಬಿಗಿ ಮಾಡಿದೆ, ಮುಕ್ಕಾಲು ಪಾಲು ಸದ್ದು ನಿಂತಿತು. ಇನ್ನೊಂದು, ನಾಲ್ಕು ವೆಲ್ಡಿಂಗ್ ರಾಡ್ ಸುಡುವಷ್ಟರಲ್ಲಿ ಹೋಲ್ಡರ್ ಕಡೆಯ ಲಗ್ ಮುಟ್ಟಲಾಗದಷ್ಟು ಕಾಯುತ್ತಿತ್ತು. ಎಮರಿ ಪೇಪರಿನಿಂದ ಉಜ್ಜಿ ಹೊಸ ಹಿತ್ತಾಳೆ ಬೋಲ್ಟ್ ಹಾಕಿದ ಮೇಲೆ ಸರಿಯಾಯಿತು. ಇಷ್ಟೇ. ಅಂದಿನಿಂದ 3.15 ಎಂಎಂ ರಾಡಿಗೆ 110–120 ಆಂಪಿಯರ್, 4 ಎಂಎಂ ರಾಡಿಗೆ 160, ಬೆಳಗಿನಿಂದ ಸಂಜೆವರೆಗೆ ದುಡಿಯುತ್ತಿದೆ. ದಪ್ಪ ಚಾಸಿಯ ಮೂಲೆಯಲ್ಲಿ ಡಿಸಿ ಮಷಿನಿನ ಆರ್ಕ್ (ರಾಡಿನ ತುದಿಯ ಕಿಡಿ) ಒಂದು ಕಡೆಗೆ ಎಳೆದುಕೊಂಡು ಓಡುತ್ತದೆ, ಎಸಿ ಸೆಟ್ಟಿನಲ್ಲಿ ಆ ಕಾಟವೇ ಇಲ್ಲ. ಆದರೆ ಗಟ್ಟಿ ಬೆಸುಗೆಗೆ ಬಳಸುವ 7018 ನಂಬರಿನ ರಾಡ್ ಇದರಲ್ಲಿ ಮೇಲಿಂದ ಮೇಲೆ ಆರುತ್ತದೆ, ಸಾಮಾನ್ಯ ಕೆಲಸದ 6013 ರಾಡಿಗೆ ಮಾತ್ರ ಒಗ್ಗಿಕೊಂಡ ಮಷಿನ್ ಇದು. 18 ಗೇಜ್ ಶೀಟಿಗಂತೂ ತೂತು ಖಂಡಿತ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) ಕೂಡ ಕಡಿಮೆ, ಅದಕ್ಕೆ ಕೆಪಾಸಿಟರ್ ಹಾಕಿಸಿದ್ದೇನೆ. ಕೆಲಸ ಇಲ್ಲದಾಗ ಮೇನ್ ಆಫ್ ಮಾಡುತ್ತೇನೆ, ಸುಮ್ನೆ ಗುಂಯ್‌ಗುಡುತ್ತಾ ನಿಂತರೂ ಅದು ಕರೆಂಟು ತಿನ್ನುತ್ತದೆ.

ಎರಡನೆಯದು 200 ಆಂಪಿಯರಿನ ಇನ್ವರ್ಟರ್, ಅಂದರೆ ಎಲೆಕ್ಟ್ರಾನಿಕ್ ಬೋರ್ಡಿನಿಂದ ನಡೆಯುವ ಹಗುರ ವೆಲ್ಡಿಂಗ್ ಮಷಿನ್. ಜಮಖಂಡಿಯಲ್ಲಿ 4,500ಕ್ಕೆ ಸಿಕ್ಕಿತು. ಏಳೆಂಟು ಕೆಜಿ ತೂಕ, ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋಗಬಹುದು. ಆಯಿಲ್ ಸೆಟ್ ಎತ್ತಲು ನಾಲ್ಕು ಜನ ಬೇಕು, ಅಲ್ವಾ? ಇದರ ಡಿಸಿ ಆರ್ಕ್ ಎಷ್ಟು ನುಣುಪೆಂದರೆ 18 ಗೇಜ್ ಬಾಗಿಲು 2.5 ರಾಡಿನಲ್ಲಿ 60 ಆಂಪಿಯರಿಗೆ ತೂತಿಲ್ಲದೆ ಬಂತು, 7018 ರಾಡೂ ಚೆನ್ನಾಗಿ ನಡೆಯಿತು. ಮೊದಲ ವಾರ ನಾನು ಇದನ್ನೇ ಎಲ್ಲರಿಗೂ ಹೊಗಳಿದೆ.

ಆಮೇಲೆ ಒಂದು ಸಂಜೆ ಹೊಲದಲ್ಲಿ ರಾಡ್ ಅಂಟಲು ಶುರುವಾಯಿತು. ಮೀಟರ್ ಇಟ್ಟು ನೋಡಿದರೆ ಕರೆಂಟ್ ಬೋರ್ಡಿನಲ್ಲಿ 205 ವೋಲ್ಟ್, ರಾಡ್ ಹತ್ತಿದ ಕೂಡಲೇ ಮಷಿನ್ ಹತ್ತಿರ 165. ನಾನು ಎಳೆದಿದ್ದ 60 ಮೀಟರ್ ವೈರು ಬರೀ 1.5 ಸ್ಕ್ವೇರ್ ಎಂಎಂದು, ಅಷ್ಟು ತೆಳು ವೈರಿನಲ್ಲೇ ವೋಲ್ಟೇಜ್ ಇಳಿದುಹೋಗುತ್ತಿತ್ತು. 4 ಸ್ಕ್ವೇರ್ ಎಂಎಂ ಕೇಬಲ್ ತಂದ ಮೇಲೆ ಅಂಟುವುದು ನಿಂತಿತು. ಇನ್ವರ್ಟರ್ ಕೆಟ್ಟಿದೆ ಅಂತ ರಿಪೇರಿಗೆ ಒಯ್ಯುವ ಮೊದಲು ಪ್ಲಗ್ಗಿನ ಹತ್ತಿರ, ಕೆಲಸ ನಡೆಯುತ್ತಿರುವಾಗಲೇ, ವೋಲ್ಟೇಜ್ ನೋಡಿ.

ಆದರೆ ಎರಡನೇ ತಿಂಗಳು ಅದು ಠಪ್ ಎಂದು ಎಂಸಿಬಿ ಬೀಳಿಸಿತು. ಬಿಚ್ಚಿದರೆ ಒಳಗಿನ ಸರ್ಕ್ಯೂಟ್ ಬೋರ್ಡಿನ ತುಂಬಾ ಗ್ರೈಂಡರಿನ ಕರಿ ಪುಡಿ. ಅದು ಕಬ್ಬಿಣದ ಪುಡಿ, ಕರೆಂಟು ಹರಿಯುತ್ತದೆ. ಫ್ಯಾನ್ ಅದನ್ನೇ ಎಳೆದು ಒಳಗೆ ತುಂಬಿತ್ತು. ಐಜಿಬಿಟಿಗಳು (ಕರೆಂಟನ್ನು ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಬಿಡಿಭಾಗ) ಶಾರ್ಟ್. ರಿಪೇರಿಯವರು ತೋರಿಸಿದರು, ಹಿಂದೆ ಯಾರೋ ಎರಡು ಐಜಿಬಿಟಿ ಬದಲಿಸಿದ್ದರು, ಅದೂ ಬೇರೆ ಬೇರೆ ನಂಬರಿನವು. ನಾನು ಅಂಗಡಿಯಲ್ಲಿ ಎರಡು ರಾಡ್ ಸುಟ್ಟು ನೋಡಿ ತಂದಿದ್ದೆ, ಇದೆಲ್ಲ ಹೇಗೆ ಗೊತ್ತಾಗಬೇಕು? ಆಯಿಲ್ ಸೆಟ್ಟಿನ ರೋಗ ಮೂಗಿಗೆ, ಕಿವಿಗೆ, ಕೈಗೆ ಗೊತ್ತಾಗುತ್ತದೆ. ಇನ್ವರ್ಟರಿನ ರೋಗ ಕೊನೆಯ ಕ್ಷಣದವರೆಗೆ ಗೊತ್ತಾಗುವುದಿಲ್ಲ. ಹಳೆ ಮಷಿನ್ ಕೊಳ್ಳುವವರಿಗೆ ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ.

ಆದರೂ ಹಳೆ ಇನ್ವರ್ಟರೇ ಬೇಕೆಂದರೆ ಕವರ್ ಬಿಚ್ಚಿಸಿಯೇ ನೋಡಿ. ಬಿಚ್ಚಲು ಒಪ್ಪದವರ ಹತ್ತಿರ ತಗೋಬೇಡಿ. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ 300 ವೋಲ್ಟಿನ ಆಸುಪಾಸು ನಿಂತಿರಬಹುದು, ಅಳೆದು ನೋಡದೆ ಬೋರ್ಡ್ ಮುಟ್ಟಬಾರದು. ಹೊಳೆಯುವ ಹೊಸ ಬೆಸುಗೆ ಕಂಡರೆ ರಿಪೇರಿಯಾಗಿದೆ ಅಂತ. ಮೀಟರನ್ನು ಡಯೋಡ್ ರೇಂಜಿಗೆ ಹಾಕಿ ಪ್ಲಸ್ ಮೈನಸ್ ಟರ್ಮಿನಲ್ ಮೇಲೆ ಎರಡೂ ಕಡೆ ತಿರುಗಿಸಿ ಇಡಿ, ಎರಡೂ ಕಡೆ ಬೀಪ್ ಎಂದರೆ ಔಟ್‌ಪುಟ್ ಡಯೋಡ್ ಹೋಗಿದೆ. ಇನ್ನು ನಮ್ಮ ಹಳೇ ಉಪಾಯ: 100 ವ್ಯಾಟಿನ ಹಳೇ ತಂತಿ ಬಲ್ಬನ್ನು ಸೀರೀಸಿನಲ್ಲಿ, ಅಂದರೆ ಮಷಿನಿಗೆ ಹೋಗುವ ಕರೆಂಟು ಬಲ್ಬಿನ ಮೂಲಕವೇ ಹಾಯುವಂತೆ, ಹಾಕಿ ಆನ್ ಮಾಡುವುದು. ಬಲ್ಬು ಒಮ್ಮೆ ಹತ್ತಿ ಮಂಕಾದರೆ ಸರಿ, ಪೂರ್ತಿ ಬೆಳಕಿನಲ್ಲೇ ನಿಂತರೆ ಒಳಗೆ ಶಾರ್ಟ್ ಇದೆ.

ಮೂರನೆಯದು ಸಿಒಟು ಮಷಿನ್, 250 ಆಂಪಿಯರ್, ತ್ರೀ ಫೇಸ್. ಇದರಲ್ಲಿ ರಾಡಿನ ಬದಲು ಗನ್ನಿನಿಂದ ವೈರು ತಾನೇ ಬರುತ್ತದೆ, ಸುತ್ತ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಕಾಯುತ್ತದೆ. ಬರೀ ಮಷಿನಿಗೆ 34 ಸಾವಿರ. ಗನ್ನು, ರೆಗ್ಯುಲೇಟರು, ಹೀಟರು, ವೈರು, ಸಿಲಿಂಡರಿನ ಡಿಪಾಸಿಟ್ಟು ಸೇರಿ ಮತ್ತೆ 15 ಸಾವಿರ ಹೋಯಿತು. ಈ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು. ಹೀಟರ್ ಇಲ್ಲದೆ ನಡೆಸಿದರೆ ಗ್ಯಾಸ್ ಹೊರಬರುವಾಗ ರೆಗ್ಯುಲೇಟರ್ ಹಿಮಗಟ್ಟುತ್ತದೆ, ನಮ್ಮ ಮುಧೋಳದ ಬಿಸಿಲಿನಲ್ಲೂ. ವೈರು ತಡೆತಡೆದು ಬರುತ್ತಿದ್ದದ್ದಕ್ಕೆ ಕಾರಣ ರೋಲರು: ರೋಲರಿನ ಮೇಲಿನ 1 ಎಂಎಂ ಗೆರೆಯಲ್ಲಿ 0.8 ಎಂಎಂ ವೈರು ಜಾರುತ್ತಿತ್ತು. ಲೈನರ್ (ವೈರು ಸಾಗಿಬರುವ ಒಳಕೊಳವೆ) ಹೊರಗೆಳೆದು ಕಂಪ್ರೆಸರ್ ಗಾಳಿ ಹೊಡೆದೆ, ಬೊಗಸೆ ತುಂಬಾ ಧೂಳು ಬಂತು. ಸರಿಯಾದ ಮೇಲೆ ಗೇಟಿನ ಕೆಲಸ ಹೆಚ್ಚುಕಡಿಮೆ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ, ಸ್ಲ್ಯಾಗ್ (ಬೆಸುಗೆಯ ಮೇಲಿನ ಗಟ್ಟಿ ಪದರ) ಒಡೆಯುವ ಕೆಲಸವೇ ಇಲ್ಲ. ಹೊರಗೆ ಮಾತ್ರ ಬೇಡ. ಗಾಳಿಗೆ ಗ್ಯಾಸ್ ಹಾರಿ ಬೆಸುಗೆ ಜರಡಿಯಂತಾಗುತ್ತದೆ. ಅಂಗಡಿಯ ಫ್ಯಾನನ್ನೂ ನಾನು ಆಫ್ ಮಾಡಿ ಕೂರುತ್ತೇನೆ.

ಮೂರಕ್ಕೂ ಒಂದೇ ಮಾತು ಅರ್ಥ್ ಕೇಬಲ್ಲಿನದು, ಅಂದರೆ ವೆಲ್ಡ್ ಮಾಡುವ ಕಬ್ಬಿಣಕ್ಕೆ ಮಷಿನಿನಿಂದ ಹಾಕುವ ಕೇಬಲ್ಲಿನದು. 200 ಆಂಪಿಯರಿಗೆ 35 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಹಾಕಿ, ಆಂಗಲ್ ತುಂಡು ಒರಗಿಸಿಡುವ ಬದಲು ಕ್ಲಾಂಪ್ ಹಾಕಿ. ಡಬ್ಬಿಯ ಎಕ್ಸೆಲ್ ವೆಲ್ಡ್ ಮಾಡುವಾಗ ಅರ್ಥನ್ನು ಗಾಲಿಯ ಮೇಲೆ ಹಾಕಬೇಡಿ, ಕರೆಂಟು ಬೇರಿಂಗ್ ಮೂಲಕ ಹರಿದು ಅದನ್ನು ಚುಚ್ಚಿ ಹಾಕುತ್ತದೆ. ಸೀಸನ್ ನಡುವೆ ರೈತನ ಡಬ್ಬಿ ಮತ್ತೆ ನಿಂತರೆ ಆ ನಷ್ಟ ನಮ್ಮ ಕೂಲಿಗಿಂತ ಎಷ್ಟೋ ಜಾಸ್ತಿ.

ಒಂದೇ ಮಷಿನಿಗೆ ದುಡ್ಡಿದೆ, ಅದೂ ಹಳೆಯದೇ ಬೇಕು ಎನ್ನುವವರಿಗೆ ನಾನು ತಾಮ್ರದ ಆಯಿಲ್ ಸೆಟ್ ಎನ್ನುತ್ತೇನೆ. ಇನ್ವರ್ಟರ್ ಬೇಕಾದರೆ ಸ್ವಲ್ಪ ಕೂಡಿಟ್ಟು ವಾರಂಟಿ ಇರುವ ಹೊಸದನ್ನೇ ತಗೊಳ್ಳಿ. ಸಿಒಟು ಹಳೆಯದಾದರೂ ಪರವಾಗಿಲ್ಲ, ಆದರೆ ದಿನಾ ಗೇಟು ಗ್ರಿಲ್ಲಿನ ಕೆಲಸ ಇದ್ದವರಿಗೆ ಮಾತ್ರ. ನನ್ನ ಇನ್ವರ್ಟರ್ 2,200 ಕೊಟ್ಟು ರಿಪೇರಿಯಾಗಿ ಬಂದಿದೆ. ಈಗ ಅದು ಗ್ರೈಂಡರಿನಿಂದ ದೂರ, ಇನ್ನೊಂದು ಮೂಲೆಯಲ್ಲಿದೆ. ತಿಂಗಳಿಗೊಮ್ಮೆ ಕವರ್ ತೆಗೆದು ಗಾಳಿ ಹೊಡೆಯುತ್ತೇನೆ, ಹೊಲದ ಕೆಲಸಕ್ಕೆ 4 ಸ್ಕ್ವೇರ್ ಎಂಎಂ ಕೇಬಲ್ಲಿನ ಸುರುಳಿ ಜೊತೆಗೇ ಹೋಗುತ್ತದೆ.