ಪ್ರಬಂಧ ತಿದ್ದಿಕೊಡುತ್ತೇವೆ ಎನ್ನುವವರಿಗೆ ನಿಮ್ಮ ಬರಹ ಕೊಡುವ ಮುನ್ನ ಇದನ್ನು ಓದಿ

ಎಂ.ಎ. ಪ್ರಬಂಧಗಳ ಗಡುವು ಹತ್ತಿರವಾಗುತ್ತಿದ್ದಂತೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಭಾಷೆ ತಿದ್ದಿ, ಉಲ್ಲೇಖ ಸರಿಪಡಿಸಿ, ಸಾಮ್ಯತೆ (ಬೇರೆ ಬರಹಗಳೊಂದಿಗಿನ ಹೋಲಿಕೆ) ಶೇ. 10ರೊಳಗೆ ತಂದುಕೊಡುತ್ತೇವೆ’ ಎಂಬ ಜಾಹೀರಾತುಗಳು ಮತ್ತೆ ಕಾಣಿಸಿಕೊಳ್ಳುತ್ತಿವೆ. ದಯವಿಟ್ಟು ಅವರ ಹತ್ತಿರ ಹೋಗಬೇಡಿ. ಅಂಗವೈಕಲ್ಯ ಅಧ್ಯಯನದ ನನ್ನ ಪ್ರಬಂಧಕ್ಕೆ ಅಂಥವರಿಂದ ಆದದ್ದನ್ನು, ಹೇಳಿಕೊಳ್ಳಲು ನಾಚಿಕೆಯಾದರೂ, ಬರೆಯುತ್ತಿದ್ದೇನೆ.

ಬರೆದುಕೊಡಿ ಎಂದು ನಾನು ಕೇಳಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ನನಗೆ ದೃಷ್ಟಿ ಮಂದ. ಹಳೆಯ ಲೇಖನಗಳ ಕಡತಗಳು ಬರೀ ಸ್ಕ್ಯಾನ್ ಮಾಡಿದ ಚಿತ್ರಗಳಾಗಿರುವುದರಿಂದ ಪರದೆಯ ಅಕ್ಷರಗಳನ್ನು ಓದಿಹೇಳುವ ನನ್ನ ಸ್ಕ್ರೀನ್ ರೀಡರ್ ತಂತ್ರಾಂಶ ಅವುಗಳನ್ನು ಓದುವುದಿಲ್ಲ. ಹಾಗಾಗಿ ಪುಟಸಂಖ್ಯೆ, ಅಡಿಟಿಪ್ಪಣಿಗಳನ್ನು ಹೊಂದಿಸಿ, ಇಂಗ್ಲಿಷಿನ ಕಾಗುಣಿತ ನೋಡಿಕೊಟ್ಟರೆ ಸಾಕೆಂದು ಲಿಖಿತವಾಗಿಯೇ ತಿಳಿಸಿದ್ದೆ. ಅಷ್ಟಕ್ಕೆ ವಿಭಾಗದ ಒಪ್ಪಿಗೆಯೂ ಇತ್ತು. ತಿದ್ದುವವರು ಪೂರ್ತಿ ಹಣವನ್ನು ಮುಂಗಡವಾಗಿ ಪಡೆದರು.

ಮರಳಿ ಬಂದ ಕಡತವನ್ನು ಕೇಳುತ್ತ ಕುಳಿತವಳಿಗೆ ಮೊದಲ ಪುಟದಲ್ಲೇ ಎದೆ ಧಸಕ್ಕೆಂದಿತು. ಅಡೆತಡೆ ಇರುವುದು ದೇಹದಲ್ಲಲ್ಲ, ಸಮಾಜ ಕಟ್ಟಿಕೊಂಡ ವ್ಯವಸ್ಥೆಯಲ್ಲಿ ಎಂಬ ವಾದವನ್ನು ನಾನು ಬ್ರಿಟನ್ನಿನ ಅಂಗವಿಕಲರ ಸಂಘಟನೆಯೊಂದು 1976ರಲ್ಲಿ ಪ್ರಕಟಿಸಿದ ತತ್ವಗಳಿಂದ ಆರಂಭಿಸಿ, ಅದನ್ನೇ ಬ್ರಿಟನ್ನಿನ ಅಂಗವೈಕಲ್ಯ ವಿದ್ವಾಂಸ ಮೈಕ್ ಆಲಿವರ್ 1983ರಲ್ಲಿ ಸಾಮಾಜಿಕ ಮಾದರಿಯೆಂದು ಕರೆದವರೆಗೆ ತಂದಿದ್ದೆ. ಅಲ್ಲೀಗ, ಸಾಮಾಜಿಕ ಮಾದರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ರೂಪಿಸಿತು ಎಂದಿತ್ತು. ಅಂಗವಿಕಲರ ಚಳವಳಿ ಕಟುವಾಗಿ ಟೀಕಿಸಿದ್ದೇ, ತೊಡಕಿನ ಮೂಲವನ್ನು ದೇಹದ ಕೊರತೆಯಲ್ಲಿ ಕಂಡ ಆ ಸಂಸ್ಥೆಯ 1980ರ ವರ್ಗೀಕರಣವನ್ನು! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಯ ವೈಕಲ್ಯಗಳು 7ಕ್ಕೆ ಇಳಿದಿದ್ದವು. ಅದು 1995ರ ಹಳೆಯ ಕಾಯ್ದೆಯ ಲೆಕ್ಕ. ಅಧ್ಯಾಯದ ಕೊನೆಗೆ, ಈ ನತದೃಷ್ಟರ ಬಾಳಿಗೆ ಸಮಾಜದ ಕರುಣೆಯೇ ಆಸರೆ ಎಂಬ ವಾಕ್ಯ ಬಂದು ಕುಳಿತಿತ್ತು. ನನ್ನ ಇಡೀ ಪ್ರಬಂಧ ಯಾವ ಮಾತಿನ ವಿರುದ್ಧ ನಿಂತಿತ್ತೋ ಅದೇ ಮಾತು, ನನ್ನ ಹೆಸರಿನಲ್ಲಿ. ಹೊಸದಾಗಿ ಸೇರಿಸಿದ್ದ ಉಲ್ಲೇಖಗಳನ್ನು ಹುಡುಕಿದರೆ ಅಂಥ ಲೇಖನಗಳೇ ಇರಲಿಲ್ಲ.

ಕೇಳಿದ್ದಕ್ಕೆ ಬಂದ ಉತ್ತರ: ‘ಮೇಡಂ, ನಿಮ್ಮ ಗೈಡ್ ಇಷ್ಟೆಲ್ಲ ಓದುವುದಿಲ್ಲ.’ ಮತ್ತೆ ಕೇಳಿದೆ. ‘ನಿಮ್ಮಂಥವರಿಗೆ ಸಹಾಯವಾಗಲಿ ಎಂದು ಕಡಿಮೆ ದರಕ್ಕೆ ಮಾಡಿದೆವು.’ ನಿಮ್ಮಂಥವರಿಗೆ! ಹಣ ಹಿಂದಿರುಗಿಸಿ ಎಂದಾಗ, ‘ನೀವು ದುಡ್ಡು ಕೊಟ್ಟು ಬರೆಸಿದ್ದೀರೆಂದು ವಿಭಾಗಕ್ಕೆ ತಿಳಿಸಬೇಕಾಗುತ್ತದೆ’ ಎಂದರು. ಕೆಡಿಸಿದವರೇ ಬೆದರಿಸಿದರು.

ನಾನು ನನ್ನ ಮೂಲ ಪ್ರತಿಯನ್ನೇ ಸಲ್ಲಿಸಿದೆ. ಅದರಲ್ಲೂ ವಿಪರೀತ ಸಾಮ್ಯತೆ ಕಂಡುಬಂತು, ಏಕೆಂದರೆ ಅವರು ಅದೇ ಪ್ರತಿಯನ್ನು ಬೇರೆ ಯಾವುದೋ ಖಾತೆಯಿಂದ ಕೃತಿಚೌರ್ಯ ಪತ್ತೆಯ ತಂತ್ರಾಂಶಕ್ಕೆ ಹಾಕಿದ್ದರು, ಅದು ಅಲ್ಲಿನ ಸಂಗ್ರಹದಲ್ಲಿ ಉಳಿದುಕೊಂಡಿತ್ತು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಗಳ ಪ್ರಕಾರ ಸಾಮ್ಯತೆ ಶೇ. 60 ಮೀರಿದರೆ ವಿದ್ಯಾರ್ಥಿಯ ನೋಂದಣಿಯೇ ರದ್ದಾಗುತ್ತದೆ. ದಿನಾಂಕವಿದ್ದ ಕರಡುಗಳೂ ಅವರ ಸಂದೇಶಗಳೂ ನನ್ನ ಬಳಿ ಇದ್ದುದರಿಂದ ವಿಭಾಗದವರು ನಂಬಿದರು. ಆದರೂ ನನ್ನದೇ ಬರಹವನ್ನು ನನ್ನದೆಂದು ಸಾಬೀತುಪಡಿಸಲು ಅವರೆದುರು ಕುಳಿತಿದ್ದ ಅವಮಾನ ನನಗೇ ಗೊತ್ತು.

ಕರಡುಗಳನ್ನು ಅಳಿಸಬೇಡಿ. ಸಾಮ್ಯತೆಯ ಪರೀಕ್ಷೆಯನ್ನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೇ ಮಾಡಿಸಿ, ಹೊರಗಿನವರಿಂದ ಬೇಡ. ಓದಿಹೇಳುವವರು ಬೇಕಿದ್ದರೆ ವಿಭಾಗವನ್ನು ಲಿಖಿತವಾಗಿ ಕೇಳಿ. ಅವರವರ ಅಗತ್ಯಕ್ಕೆ ತಕ್ಕ ಅನುಕೂಲ ಕಲ್ಪಿಸಬೇಕೆಂದು 2016ರ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಆ ಹಳೆಯ ಲೇಖನಗಳನ್ನು ನನ್ನ ಯಂತ್ರ ಓದಬಲ್ಲ ರೂಪದಲ್ಲಿ ಗ್ರಂಥಾಲಯ ಮೊದಲೇ ಕೊಟ್ಟಿದ್ದರೆ ನಾನು ಆ ಜನರ ಬಾಗಿಲಿಗೆ ಹೋಗುವ ಪ್ರಮೇಯವೇ ಬರುತ್ತಿರಲಿಲ್ಲ.