ಬ್ರೋಷರ್ ತೂಕ ಬೇರೆ, ಮೂಗಿನ ಮೇಲಿನ ತೂಕ ಬೇರೆ: ಮನೆಯಲ್ಲಿ ಕಟ್ಟುವ ವಿಮಾನಕ್ಕೆ ಯಾವ ಎಂಜಿನ್?

ಸ್ವಂತ ವಿಮಾನ ಕಟ್ಟುವವರು ಎಂಜಿನ್ ಆರಿಸುವಾಗ ಮೊದಲು ಎಷ್ಟು ಎಚ್‌ಪಿ ಅಂತ ಕೇಳುತ್ತಾರೆ. ಆಮೇಲೆ ಎಷ್ಟು ದುಡ್ಡು ಅಂತ. ತೂಕದ ವಿಷಯಕ್ಕೆ ಬಂದಾಗ ಮಾತ್ರ ಕಂಪನಿ ಬ್ರೋಷರ್‌ನಲ್ಲಿ ಬರೆದ ಒಂದು ಅಂಕಿಯನ್ನು ನೋಡಿ, ಪಕ್ಕದ ಕಂಪನಿಯ ಅಂಕಿಯ ಜೊತೆ ಹೋಲಿಸಿ, ಮುಗಿಯಿತು ಅಂದುಕೊಳ್ಳುತ್ತಾರೆ. ಅಲ್ಲೇ ಎಡವಟ್ಟು ಆಗುವುದು. ಒಬ್ಬೊಬ್ಬರು ಒಂದೊಂದು ಲೆಕ್ಕದಲ್ಲಿ ತೂಕ ಬರೆಯುತ್ತಾರೆ. ಚಿನ್ನದಂಗಡಿಯ ಬೋರ್ಡಿನಲ್ಲಿರುವ ಗ್ರಾಂ ರೇಟು ನೋಡಿ ಒಳಗೆ ಹೋದರೆ ವೇಸ್ಟೇಜು, ಮೇಕಿಂಗ್ ಚಾರ್ಜು, ಜಿಎಸ್‌ಟಿ ಎಲ್ಲ ಸೇರಿ ಬಿಲ್ಲು ಬೇರೆಯೇ ಆಗಿರುತ್ತಲ್ಲ, ಹಾಗೆ.

ನಾವಿರುವುದು ಅಮೆರಿಕದಲ್ಲಿ. ನಾನು ಮತ್ತು ಒಬ್ಬ ಗೆಳೆಯ ಸೇರಿ ಅವನ ಗ್ಯಾರೇಜಿನಲ್ಲಿ ಜೆನಿತ್ ಕಂಪನಿಯ ಸಿಎಚ್ 750 ಎಸ್‌ಟಿಒಎಲ್ ಕಟ್ಟುತ್ತಿದ್ದೇವೆ. ಪೂರ್ತಿ ಅಲ್ಯೂಮಿನಿಯಂ ತಗಡಿನ, ರಿವೆಟ್ ಹೊಡೆದು ಜೋಡಿಸುವ, ಎರಡೇ ಸೀಟಿನ ವಿಮಾನ. ಎಸ್‌ಟಿಒಎಲ್ ಅಂದರೆ ಕಮ್ಮಿ ಜಾಗದಲ್ಲಿ ಏರಿ ಇಳಿಯುವಂಥದ್ದು, ಚಿಕ್ಕ ಹುಲ್ಲು ಮೈದಾನವೂ ಸಾಕು. ಮಿಸೌರಿ ರಾಜ್ಯದ ಮೆಕ್ಸಿಕೋ ಅನ್ನುವ ಊರಿಂದ ಕಿಟ್ ಬರುತ್ತದೆ. ಇದಕ್ಕೆ ಹಲವು ಎಂಜಿನ್ ಕೂರಿಸಬಹುದು, ಹಾಗಾಗಿ ನಮಗೆ ಈ ತಲೆನೋವು. ನಮ್ಮ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ರೋಟಾಕ್ಸ್ 912 ಯುಎಲ್ಎಸ್, ಕಾಂಟಿನೆಂಟಲ್ ಓ-200, ಜಬಿರು 3300, ಮತ್ತೆ ಗೆಳೆಯನ ಹಠಕ್ಕೆ ಕೊರ್ವೇರ್ ಅನ್ನುವ ಹಳೆ ಕಾರಿನ ಎಂಜಿನ್.

ತೂಕಕ್ಕೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು? ಒಂದು ಲೆಕ್ಕ ಹೇಳುತ್ತೇನೆ. ಈ ವಿಮಾನದ ಖಾಲಿ ತೂಕ ಕಂಪನಿ ಹೇಳುವ ಪ್ರಕಾರ 775 ಪೌಂಡ್. ಗರಿಷ್ಠ ತೂಕ 1440 ಪೌಂಡ್. ಮಧ್ಯೆ ಉಳಿಯುವುದು 665 ಪೌಂಡ್, ಅಂದರೆ 302 ಕೆಜಿ. 85 ಕೆಜಿಯ ಇಬ್ಬರು ಕೂತರೆ 170 ಹೋಯಿತು. ಎರಡೂ ರೆಕ್ಕೆಯ ಟ್ಯಾಂಕ್ ತುಂಬಿಸಿದರೆ 24 ಗ್ಯಾಲನ್ ಪೆಟ್ರೋಲ್, ಅದು 65 ಕೆಜಿ. ಉಳಿದದ್ದು 67. ಪರವಾಗಿಲ್ಲ ಅನಿಸುತ್ತದೆ. ಆದರೆ 2025ರಲ್ಲಿ ನಿಯಮ ಬದಲಾಗುವವರೆಗೂ ಇಲ್ಲಿ ಸ್ಪೋರ್ಟ್ ಪೈಲಟ್ ಲೈಸೆನ್ಸ್ ಇದ್ದವರಿಗೆ 1320 ಪೌಂಡ್ ಮಿತಿ ಇತ್ತು. ಅದೇ ಲೆಕ್ಕ ಹಾಕಿದರೆ ಉಳಿಯುವುದು ಬರೀ 12 ಕೆಜಿ! ಅಷ್ಟರಲ್ಲಿ ಒಂದು ಬ್ಯಾಗೂ ಸರಿಯಾಗಿ ಇಡಲಾಗುವುದಿಲ್ಲ. ಮಿತಿ ಈಗ ಸಡಿಲವಾಯಿತು ನಿಜ, ಆದರೆ ಜನ ಕಟ್ಟಿದ ವಿಮಾನಗಳು ಪೇಂಟು, ರೇಡಿಯೋ, ಸೀಟಿನ ಕುಶನ್ನು ಎಲ್ಲ ಸೇರಿ ಕಂಪನಿಯ 775ರಲ್ಲಿ ನಿಲ್ಲುವುದು ಅಪರೂಪ. ಎಂಜಿನ್ನಿನಲ್ಲಿ 20 ಕೆಜಿ ಜಾಸ್ತಿ ಆದರೆ ಏಳು ಗ್ಯಾಲನ್ ಪೆಟ್ರೋಲ್ ಕಮ್ಮಿ ಹಾಕಿಕೊಂಡು ಹೋಗಬೇಕಾಗುತ್ತದೆ.

ಈಗ ಬ್ರೋಷರ್‌ಗಳನ್ನು ಬಿಚ್ಚೋಣ.

ರೋಟಾಕ್ಸ್ 912 ಯುಎಲ್ಎಸ್, 100 ಎಚ್‌ಪಿ, ಆಸ್ಟ್ರಿಯಾದ್ದು. ಬರೆದಿರುವ ತೂಕ 56.6 ಕೆಜಿ. ನೋಡಿದ ತಕ್ಷಣ ಬಾಯಲ್ಲಿ ನೀರೂರುತ್ತದೆ. ಆದರೆ ಅದರ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿ. ಎಕ್ಸಾಸ್ಟ್ ಬೇರೆ, ಅದಕ್ಕೆ 4 ಕೆಜಿ. ರೇಡಿಯೇಟರ್ ಬೇರೆ, 1 ಕೆಜಿ. ಸಿಲಿಂಡರ್ ಮೇಲೆ ಗಾಳಿ ಹರಿಸುವ ಹುಡ್ 0.8. ಓವರ್‌ಲೋಡ್ ಕ್ಲಚ್ ಬೇಕಿದ್ದರೆ 1.7. ಲೈಟು, ಆಟೋಪೈಲಟ್ ಅಂತ ಕರೆಂಟು ಜಾಸ್ತಿ ಬೇಕಾದರೆ ಹೊರಗಿನ ಆಲ್ಟರ್ನೇಟರ್, ಅದು 3. ಇದರ ಸಿಲಿಂಡರ್ ಹೆಡ್‌ಗಳು ನೀರಿನಿಂದ ತಣ್ಣಗಾಗುವಂಥವು, ಹಾಗಾಗಿ ಕೂಲೆಂಟ್, ಅದರ ಪೈಪುಗಳು. ಆಯಿಲ್ ಟ್ಯಾಂಕ್ ಎಂಜಿನ್ನಿಂದ ಪ್ರತ್ಯೇಕ, ಅದರಲ್ಲಿ ಸುಮಾರು ಮೂರು ಲೀಟರ್ ಆಯಿಲ್, ಆಯಿಲ್ ಕೂಲರ್, ಇನ್ನಷ್ಟು ಪೈಪು. ಎಲ್ಲ ಕೂಡಿಸಿದರೆ ಮೌಂಟ್ (ಎಂಜಿನ್ ಕೂರಿಸುವ ಚೌಕಟ್ಟು) ಬಿಟ್ಟು 70 ಕೆಜಿ ಆಸುಪಾಸು ಬರುತ್ತದೆ. ಅಂದರೆ ಬರೆದದ್ದಕ್ಕಿಂತ ಕಾಲು ಭಾಗ ಜಾಸ್ತಿ.

ಕಾಂಟಿನೆಂಟಲ್ ಓ-200, ಇದೂ 100 ಎಚ್‌ಪಿ. ಸೆಸ್ನಾ 150ರಲ್ಲಿ ಇದ್ದದ್ದು ಇದೇ, ಅಮೆರಿಕದಲ್ಲಿ ಎಷ್ಟೋ ಜನ ಹಾರಲು ಕಲಿತದ್ದು ಇದರ ಹಿಂದೆ ಕೂತು. ಬರೆದಿರುವ ತೂಕ 170 ಪೌಂಡ್, ಅಂದರೆ 77 ಕೆಜಿ. ಆದರೆ ಅದು ಸ್ಟಾರ್ಟರ್, ಜನರೇಟರ್ ತರಹದ ಆಕ್ಸೆಸರಿಗಳಿಲ್ಲದ ಬರಿ ಎಂಜಿನ್ನಿನ ತೂಕ. ಒಬ್ಬ ಮಾರಾಟಗಾರ ಹಳೆಯದೊಂದನ್ನು ನಮಗೆ ಮಾರಲು ನೋಡಿದ. ಫೋನಿನಲ್ಲಿ ಕೇಳಿದಾಗ "ಎಲ್ಲಾ ಸೇರಿ 170" ಅಂತ ಗಟ್ಟಿಯಾಗಿ ಹೇಳಿದ. ನಾವು ಹೋಗುವಾಗ ಕೊಕ್ಕೆ ಇರುವ ಡಿಜಿಟಲ್ ತಕ್ಕಡಿ ತೆಗೆದುಕೊಂಡು ಹೋದೆವು. ಅವನ ಶೆಡ್ಡಿನಲ್ಲೇ ಎಂಜಿನ್ ಎತ್ತುವ ಹಾಯಿಸ್ಟ್ ಇತ್ತು. ಸರಪಳಿಗೆ ತಕ್ಕಡಿ, ತಕ್ಕಡಿಗೆ ಎಂಜಿನ್. ನೆಲ ಬಿಟ್ಟು ಮೇಲೆದ್ದ ಮೇಲೆ ಸ್ವಲ್ಪ ಹೊತ್ತು ತೂಗಾಡಿತು, ಅಂಕಿಯೂ ಹಿಂದೆ ಮುಂದೆ ಓಡಾಡಿತು, ಕೊನೆಗೆ 203 ಪೌಂಡಿಗೆ ನಿಂತಿತು. ಆಯಿಲ್ ಹಾಕಿರಲಿಲ್ಲ. ಎಕ್ಸಾಸ್ಟ್ ಇರಲಿಲ್ಲ. ಸಿಲಿಂಡರ್ ಸುತ್ತ ಗಾಳಿ ತಿರುಗಿಸುವ ತಗಡುಗಳೂ ಇರಲಿಲ್ಲ. ಹಳೆ ಕಾಲದ ಸ್ಟಾರ್ಟರ್ ಮತ್ತು ಜನರೇಟರ್ ಮಾತ್ರ ಇದ್ದವು, ಎರಡೂ ಕೈಯಲ್ಲಿ ಹಿಡಿದರೆ ಕಲ್ಲು ಹಿಡಿದ ಹಾಗಿತ್ತು. ಅವನು ತಕ್ಕಡಿ ಸರಿಯಿಲ್ಲ ಅಂದ. ಸರಿ ಬಿಡಿ ಅಂತ ಬಂದೆವು.

ಆ ಹಳೆ ಸ್ಟಾರ್ಟರ್, ಜನರೇಟರ್ ಕಿತ್ತು ಈಗ ಸಿಗುವ ಹಗುರದವು ಹಾಕಿದರೆ ಕೆಲವು ಕೆಜಿ ಇಳಿಯುತ್ತದೆ. ಆದರೆ ಆರು ಕ್ವಾರ್ಟ್ ಆಯಿಲ್ ಅಂದರೆ 5 ಕೆಜಿ, ಅದನ್ನು ಇಳಿಸಲಾಗುವುದಿಲ್ಲ. ಎಲ್ಲ ಜೋಡಿಸಿದ ಮೇಲೆ 95ರಿಂದ 100 ಕೆಜಿ ಅಂತ ನಾನು ಲೆಕ್ಕ ಹಿಡಿಯುತ್ತೇನೆ.

ಜಬಿರು 3300 ಆಸ್ಟ್ರೇಲಿಯಾದ ಬಂಡಬರ್ಗ್‌ನದು. ಆರು ಸಿಲಿಂಡರ್, 120 ಎಚ್‌ಪಿ, ಗಾಳಿಯಿಂದಲೇ ತಣ್ಣಗಾಗುತ್ತದೆ. ಬರೆದಿರುವ ತೂಕ 83 ಕೆಜಿ ಆಸುಪಾಸು. ಇದರಲ್ಲಿ ಎಕ್ಸಾಸ್ಟ್, ಕಾರ್ಬುರೇಟರ್, ಸ್ಟಾರ್ಟರ್, ಆಲ್ಟರ್ನೇಟರ್, ಇಗ್ನಿಷನ್ ಎಲ್ಲಾ ಸೇರಿದೆ! ಅದನ್ನು ಅವರು ಬ್ರೋಷರ್‌ನಲ್ಲೇ ಬರೆದಿದ್ದಾರೆ ಕೂಡ. ಆಯಿಲ್, ಆಯಿಲ್ ಕೂಲರ್, ಗಾಳಿ ಹೋಗುವ ಡಕ್ಟ್ ಹಾಕಿದರೆ 88, 89 ಆಗಬಹುದು ಅಷ್ಟೇ.

ಈಗ ತಮಾಷೆ ನೋಡಿ. ಬ್ರೋಷರ್ ನಂಬಿದರೆ ಓ-200 ಜಬಿರುಗಿಂತ 6 ಕೆಜಿ ಹಗುರ. ವಿಮಾನಕ್ಕೆ ಜೋಡಿಸಿದ ಮೇಲೆ ನೋಡಿದರೆ ಅದೇ ಓ-200 ಏಳೆಂಟು ಕೆಜಿ ಭಾರ. ಸರದಿಯೇ ಉಲ್ಟಾ ಆಯಿತು. ರೋಟಾಕ್ಸ್‌ಗೂ ಜಬಿರುಗೂ ಕಾಗದದಲ್ಲಿ 26 ಕೆಜಿ ವ್ಯತ್ಯಾಸ, ನಿಜದಲ್ಲಿ 20ಕ್ಕೂ ಕಮ್ಮಿ. ಅದಕ್ಕೇ ಇಲ್ಲಿನ ಬಿಲ್ಡರ್‌ಗಳು "ಫೈರ್‌ವಾಲ್ ಫಾರ್ವರ್ಡ್" ತೂಕ ಎಷ್ಟು ಅಂತ ಕೇಳುತ್ತಾರೆ. ಕಾಕ್‌ಪಿಟ್‌ಗೂ ಎಂಜಿನ್‌ಗೂ ಮಧ್ಯೆ ಇರುವ ತಗಡಿನ ಗೋಡೆಯಿಂದ ಮುಂದಕ್ಕೆ ಏನೇನಿದೆಯೋ ಎಲ್ಲದರ ತೂಕ. ಮೌಂಟ್, ಎಂಜಿನ್ ಮುಚ್ಚುವ ಕೌಲ್, ಪ್ರೊಪೆಲ್ಲರ್ ಸಮೇತ. ಪ್ರೊಪೆಲ್ಲರ್ ಅಂತ ಸುಮ್ನೆ ಬಿಡಬೇಡಿ. ಮೆಟಲ್‌ನದಕ್ಕೂ ಮರದ್ದಕ್ಕೂ ನಾಲ್ಕೈದು ಕೆಜಿ ವ್ಯತ್ಯಾಸ ಬರುತ್ತದೆ, ಅದೂ ಮೂಗಿನ ತುತ್ತತುದಿಯಲ್ಲಿ.

ತುದಿ ಅಂದೆನಲ್ಲ, ಅದೇ ಮುಖ್ಯ ವಿಷಯ. ತೂಕ ಎಷ್ಟು ಅನ್ನುವುದರಷ್ಟೇ ಎಲ್ಲಿ ಅನ್ನುವುದೂ ಮುಖ್ಯ. ಎಂಜಿನ್ ವಿಮಾನದ ತೂಕದ ಕೇಂದ್ರದಿಂದ 1.2 ಮೀಟರ್ ಮುಂದೆ ಇದೆ ಅಂದುಕೊಳ್ಳಿ. 25 ಕೆಜಿ ಜಾಸ್ತಿ ಭಾರದ ಎಂಜಿನ್ ಹಾಕಿದರೆ 30 ಕೆಜಿ-ಮೀಟರ್‌ನಷ್ಟು ಮೂಗು ಕೆಳಗೆ ಎಳೆಯುತ್ತದೆ. ಅದನ್ನು 6 ಕೆಜಿಯ ಬ್ಯಾಟರಿ ಹಿಂದಕ್ಕೆ ಸರಿಸಿ ಸರಿದೂಗಿಸಬೇಕಾದರೆ 5 ಮೀಟರ್ ಸರಿಸಬೇಕು. ಇಡೀ ವಿಮಾನದ ಉದ್ದವೇ ಆರೂವರೆ ಮೀಟರ್ ಚಿಲ್ಲರೆ! ಅಲ್ಲದೆ ಬ್ಯಾಟರಿ ಬಾಲಕ್ಕೆ ಹೋದರೆ ಅಲ್ಲಿಂದ ಸ್ಟಾರ್ಟರ್‌ವರೆಗೆ ದಪ್ಪ ತಾಮ್ರದ ಕೇಬಲ್ ಎಳೆಯಬೇಕು, ಅದರ ತೂಕ ಮತ್ತೆ ಸೇರುತ್ತದೆ. ಹಾಗಾಗಿ ಜೆನಿತ್‌ನವರು ಒಂದೊಂದು ಎಂಜಿನ್‌ಗೂ ಬೇರೆ ಬೇರೆ ಮೌಂಟ್ ಕೊಡುತ್ತಾರೆ. ಭಾರದ್ದಾದರೆ ಗೋಡೆಗೆ ಹತ್ತಿರ, ಹಗುರದ್ದಾದರೆ ದೂರ. ಪಿಲಾಟಸ್ ಟರ್ಬೋ ಪೋರ್ಟರ್ ವಿಮಾನದ ಮೂಗು ಅಷ್ಟು ವಿಚಿತ್ರವಾಗಿ ಉದ್ದ ಇರುವುದೂ ಇದೇ ಕಾರಣಕ್ಕೆ. ಹಳೆ ಪಿಸ್ಟನ್ ಎಂಜಿನ್ ತೆಗೆದು ಹಗುರದ ಟರ್ಬೈನ್ ಹಾಕಿದಾಗ ಅದನ್ನು ಮುಂದೆ ತಳ್ಳದೆ ಬೇರೆ ದಾರಿ ಇರಲಿಲ್ಲ.

ಎಂಜಿನ್ ಹಿಂದೆ ಇರುವ ವಿಮಾನಗಳಲ್ಲಿ ಕಥೆ ತಿರುವುಮುರುವು. ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನ್‌ನ ವೇರಿ ಈಜಿಯಲ್ಲಿ ಇದೇ ಓ-200 ಹಿಂದೆ ಕೂರುತ್ತಿತ್ತು. ಎಷ್ಟೋ ಜನ ಅದಕ್ಕೆ ಸ್ಟಾರ್ಟರ್ರೇ ಹಾಕಲಿಲ್ಲ, ಕೈಯಲ್ಲೇ ಪ್ರೊಪೆಲ್ಲರ್ ತಿರುಗಿಸಿ ಸ್ಟಾರ್ಟ್ ಮಾಡುತ್ತಿದ್ದರು. ಹಿಂದೆ ಆ ಕೆಲವು ಕೆಜಿ ಬೇಡ ಅಂತ. ಅದರ ನಂತರ ಬಂದ ಲಾಂಗ್ ಈಜಿಯನ್ನು ನಿಲ್ಲಿಸುವಾಗ ಮುಂದಿನ ಚಕ್ರ ಮಡಚಿ ಮೂಗು ನೆಲಕ್ಕೆ ಊರಿಸಿಡುತ್ತಾರೆ, ಪೈಲಟ್ ಇಳಿದ ಮೇಲೆ ಹಿಂದಕ್ಕೆ ಮಗುಚುವ ಭಯ. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರು 1980ರ ದಶಕದಲ್ಲಿ ಸಂಶೋಧನೆಗಾಗಿ ಕಟ್ಟಿದ ಪುಟ್ಟ ವಿಮಾನ ಇದೇ ಲಾಂಗ್ ಈಜಿ ವಿನ್ಯಾಸದ್ದು.

ಸರಿ, ಯಾವುದು ತಗೋಬೇಕು?

ಸಿಎಚ್ 750ಕ್ಕೆ ನನ್ನ ಓಟು ರೋಟಾಕ್ಸ್‌ಗೆ. ಬರೀ ತೂಕಕ್ಕಲ್ಲ. ಇದಕ್ಕೆ 2.43ರ ಗೇರ್‌ಬಾಕ್ಸ್ ಇದೆ. ಎಂಜಿನ್ 5800 ಆರ್‌ಪಿಎಂನಲ್ಲಿ ಕಿರುಚುತ್ತಿದ್ದರೂ ಪ್ರೊಪೆಲ್ಲರ್ 2400ಕ್ಕಿಂತ ಕಮ್ಮಿಯಲ್ಲೇ ತಿರುಗುತ್ತದೆ. ಹಾಗಾಗಿ ಉದ್ದನೆಯ ಪ್ರೊಪೆಲ್ಲರ್ ಹಾಕಬಹುದು, ನಿಧಾನಕ್ಕೆ ಹಾರುವ ವಿಮಾನಕ್ಕೆ ಅದು ಚೆನ್ನಾಗಿ ಎಳೆಯುತ್ತದೆ. ಜಬಿರು 120 ಎಚ್‌ಪಿ ಕೊಡುವುದು 3300 ಆರ್‌ಪಿಎಂನಲ್ಲಿ, ಗೇರ್ ಇಲ್ಲ, ಚಿಕ್ಕ ಪ್ರೊಪೆಲ್ಲರೇ ಗತಿ. ಸೋನೆಕ್ಸ್ ತರಹದ ವೇಗವಾಗಿ ಹಾರುವ ಪುಟ್ಟ ವಿಮಾನಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ. ನಮ್ಮ ಸಿಎಚ್ 750ಕ್ಕೆ ಆ 20 ಎಚ್‌ಪಿ ಅಷ್ಟಾಗಿ ದಕ್ಕುವುದಿಲ್ಲ. ಜೊತೆಗೆ 2014ರ ಕೊನೆಯಲ್ಲಿ ಆಸ್ಟ್ರೇಲಿಯಾದ ವಿಮಾನಯಾನ ಇಲಾಖೆ ಎಂಜಿನ್ ಕೆಡುವ ಪ್ರಕರಣಗಳು ಜಾಸ್ತಿ ಆದವು ಅಂತ ಜಬಿರು ಎಂಜಿನ್‌ಗಳ ಮೇಲೆ ಹಾರಾಟದ ನಿರ್ಬಂಧ ಹಾಕಿತ್ತು. ಆಮೇಲೆ ಬಹುಪಾಲು ಸಡಿಲಿಸಿತು. ಹಳೆಯದು ಕೊಳ್ಳುವವರು ಯಾವ ವರ್ಷದ್ದು, ಏನೇನು ಬದಲಾಯಿಸಿದ್ದಾರೆ ಅಂತ ಕೇಳಿಯೇ ದುಡ್ಡು ಕೊಡಿ.

ರೋಟಾಕ್ಸ್‌ನಲ್ಲಿ ಕಿರಿಕಿರಿ ಇಲ್ಲ ಅಂತಲ್ಲ. ಪೈಪುಗಳ ಜಾತ್ರೆ. ಎರಡು ಕಾರ್ಬುರೇಟರ್, ಎರಡನ್ನೂ ಒಂದಕ್ಕೊಂದು ಹೊಂದಿಸುತ್ತಿರಬೇಕು. ಆಯಿಲ್ ನೋಡುವ ಮೊದಲು ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸುತ್ತಾ ಹೋಗಬೇಕು, ಟ್ಯಾಂಕಿನಿಂದ ಗೊಳಕ್ ಅಂತ ಸದ್ದು ಬಂದ ಮೇಲೆಯೇ ಡಿಪ್‌ಸ್ಟಿಕ್ ಎತ್ತಬೇಕು. ಸೀಸ ಇರುವ ವಿಮಾನ ಪೆಟ್ರೋಲ್ ಜಾಸ್ತಿ ಹಾಕಿದರೆ ಆಯಿಲ್ ಬೇಗ ಬದಲಾಯಿಸಬೇಕು, ಆದರೆ ಕಾರಿನ ಪ್ರೀಮಿಯಂ ಪೆಟ್ರೋಲಿನಲ್ಲಿ ಆರಾಮಾಗಿ ಓಡುತ್ತದೆ. ಫ್ಯುಯೆಲ್ ಇಂಜೆಕ್ಷನ್ ಇರುವ 912 ಐಎಸ್ ತಗೊಂಡರೆ ಕಾರ್ಬುರೇಟರ್ ಕಾಟ ಇಲ್ಲ, ಇಂಧನವೂ ಉಳಿಯುತ್ತದೆ, ಬರಿ ಎಂಜಿನ್ನಿಗೇ ಸುಮಾರು 7 ಕೆಜಿ ಸೇರುತ್ತದೆ. ಬೆಲೆಯಂತೂ ಬೇಡ ಬಿಡಿ.

ಓ-200 ಬಗ್ಗೆ ನನಗೆ ದ್ವೇಷ ಏನಿಲ್ಲ. ನೀರಿಲ್ಲ, ಗೇರಿಲ್ಲ, ಯಾವ ಹಳ್ಳಿ ಏರ್‌ಫೀಲ್ಡಿಗೆ ಹೋದರೂ ಇಲ್ಲಿನ ಮೆಕ್ಯಾನಿಕ್‌ಗೆ ಕಣ್ಣು ಮುಚ್ಚಿ ಬಿಚ್ಚಲು ಬರುತ್ತದೆ. ನೀವು ಒಬ್ಬರೇ ಹಾರುವವರಾದರೆ, ಒಳ್ಳೆಯ ಓ-200 ಕಮ್ಮಿ ರೇಟಿಗೆ ಸಿಕ್ಕಿದರೆ, ತಕ್ಕಡಿ ಒಯ್ದು ತೂಗಿ ತಗೊಳ್ಳಿ.

ಕೊರ್ವೇರ್ ಅಂದರೆ 1960ರ ದಶಕದ ಷೆವರ್ಲೆ ಕಾರಿನ ಎಂಜಿನ್. ವಿಮಾನಕ್ಕೆ ಮಾರ್ಪಡಿಸಿದರೆ 100 ಎಚ್‌ಪಿ, ತೂಕ 100 ಕೆಜಿ ದಾಟುತ್ತದೆ. ಸ್ವತಃ ಬಿಚ್ಚಿ ಜೋಡಿಸುವ ಖುಷಿಗೆ ಮಾಡುವವರು ಮಾಡುತ್ತಾರೆ. ನಮಗೆ ವಿಮಾನ ಕಟ್ಟುವ ಕೆಲಸವೇ ಸಾಕಷ್ಟಿದೆ ಅಂತ ಗೆಳೆಯನನ್ನು ಒಪ್ಪಿಸಿದ್ದೇನೆ.

ಊರಿನ ಕಡೆಯಿಂದ ಕೆಲವರು ಭಾರತದಲ್ಲಾದರೆ ಯಾವುದು ಅಂತ ಕೇಳುತ್ತಿರುತ್ತಾರೆ. ಎನ್‌ಎಎಲ್‌ನ ತರಬೇತಿ ವಿಮಾನ ಹಂಸ-3ರಲ್ಲಿ ಇರುವುದು ರೋಟಾಕ್ಸ್ 914, 2021ರಲ್ಲಿ ಹಾರಿದ ಹಂಸ-ಎನ್‌ಜಿಯಲ್ಲಿ 912 ಐಎಸ್‌ಸಿ. ಎನ್‌ಸಿಸಿ ಹುಡುಗರು ಹಾರಿಸುವ ಪಿಪಿಸ್ಟ್ರೆಲ್ ವೈರಸ್‌ನಲ್ಲೂ 80 ಎಚ್‌ಪಿಯ 912. ಬಿಚ್ಚಿ ನೋಡಿದ ಕೈಗಳು ಅಲ್ಲಿ ಇವೆ, ಓ-200ಕ್ಕೆ ಹೋಲಿಸಿದರೆ ರೋಟಾಕ್ಸ್ ಬಿಡಿಭಾಗ ಹುಡುಕುವುದೂ ಸುಲಭ ಆಗಬೇಕು. ಎಂಜಿನ್ ಕೊಡುವವರ ಹತ್ತಿರ ಕೊಟೇಶನ್ ಕೇಳುವಾಗ ಮಾತ್ರ ಎಕ್ಸಾಸ್ಟ್, ರೇಡಿಯೇಟರ್, ಆಯಿಲ್ ಕೂಲರ್, ಮೌಂಟ್ ಇವುಗಳ ತೂಕವನ್ನು ಒಂದೊಂದಾಗಿ ಬರೆಸಿಕೊಳ್ಳಿ, ಶಿಪ್ಪಿಂಗ್ ಬಾಕ್ಸಿನ ಮೇಲಿನ ತೂಕ ಹೇಳಿ ಸಾಗಹಾಕುವವರೂ ಇದ್ದಾರೆ.